ಕೂಗಿದವರನ್ನು ಕೂಡಿಹಾಕಿದ ಜೈಲಲ್ಲಿ ಈಗ ಧಿಕ್ಕಾರದ ಕೂಗು!

ಬೆಂಗಳೂರು: ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಆನಂದರಾವ್ ಸರ್ಕಲ್ ದಾಟಿ ಶೇಷಾದ್ರಿ ರಸ್ತೆ ಹಿಡಿದರೆ ಫ್ರೀಡಂ ಪಾರ್ಕ್. ‘ಬೇಕೇ ಬೇಕು, ನ್ಯಾಯ ಬೇಕು’ ಎಂಬ ಘೋಷಣೆ ಇಲ್ಲಿ ಮಾಮೂಲು. ಧರಣಿಯಿಂದ ಬಸ್ಸು ತಡವಾಯ್ತು ಅಂತ ಗೊಣಗುವವರಲ್ಲಿ ಎಷ್ಟು ಮಂದಿಗೆ ಗೊತ್ತು, ಇದೇ ಹಳೇ ಸೆಂಟ್ರಲ್ ಜೈಲು ಅಂತ?

ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಕಾಲ. ಬೌರಿಂಗ್ ಸಾಹೇಬರ ಆಡಳಿತದಲ್ಲಿ, 1867ರ ಸುಮಾರಿಗೆ, ಈ ಜೈಲು ಎದ್ದಿತು. ಜಾಗ ಸುಮಾರು 21 ಎಕರೆ. ಕಟ್ಟಿದ ಕ್ರಮವನ್ನು ತಿಳಿಯಬೇಕಾದರೆ ಎತ್ತಿನಗಾಡಿಯ ಗಾಲಿ ನೆನೆಸಿಕೊಳ್ಳಿ. ನಡುವೆ ಕಾವಲು ಗೋಪುರ, ಅದರ ಸುತ್ತ ಗಾಲಿಯ ಅರಗಳ ಹಾಗೆ ಬ್ಯಾರಕ್ಕುಗಳು. ಮೇಲೆ ನಿಂತ ಒಬ್ಬನೇ ಕಾವಲುಗಾರ ಎಲ್ಲ ಕಡೆಗೂ ಕಣ್ಣು ಹಾಯಿಸಬಹುದು. ಅವನು ಯಾವ ಕ್ಷಣ ಯಾರನ್ನು ನೋಡುತ್ತಾನೋ, ಕೆಳಗಿದ್ದ ಖೈದಿಗೆ ತಿಳಿಯದು. ಇಂಗ್ಲೆಂಡಿನ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ಹೇಳಿಕೊಟ್ಟ ಉಪಾಯ ಇದು. ಖರ್ಚು ಕಮ್ಮಿ, ಹೆದರಿಕೆ ಜಾಸ್ತಿ! ಗಲ್ಲಾದ ಮೇಲೆ ಕೂತ ಅಂಗಡಿ ಯಜಮಾನರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಕಳ್ಳಕಾಕರಿಗೆಂದು ಕಟ್ಟಿದ ಜೈಲಿಗೆ 1975ರ ಜೂನ್‌ನಲ್ಲಿ ಬೇರೆಯೇ ನೆಂಟರು ಬಂದರು. ತುರ್ತು ಪರಿಸ್ಥಿತಿ ಜಾರಿಯಾದಾಗ ಸಂಸದೀಯ ಸಮಿತಿ ಕೆಲಸಕ್ಕೆಂದು ಊರಲ್ಲಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಸಿಕ್ಕಿಬಿದ್ದರು. ಮಧು ದಂಡವತೆ ಕೂಡ ಒಳಗೆ ಹೋದರು.

ದೊಡ್ಡವರ ಹೆಸರು ಎಲ್ಲರ ನಾಲಗೆಯ ಮೇಲಿದೆ. ಸ್ನೇಹಲತಾ ರೆಡ್ಡಿ ಅವರದು ಅಷ್ಟಾಗಿ ಇಲ್ಲ. ‘ಸಂಸ್ಕಾರ’ ಚಿತ್ರದ ಚಂದ್ರಿ ಈಕೆ. 1976ರ ಮೇ ತಿಂಗಳಲ್ಲಿ ಬಂಧನ. ಬರೋಡಾ ಡೈನಮೈಟ್ ಕೇಸಿನ ಅನುಮಾನ. ಆರೋಪಪಟ್ಟಿಯಲ್ಲಿ ಹೆಸರೇ ಬರಲಿಲ್ಲ, ಆದರೂ ಬಿಡಲಿಲ್ಲ. ಮೀಸಾ ಕಾಯ್ದೆ ಇತ್ತಲ್ಲ, ವಿಚಾರಣೆ ಯಾಕೆ ಬೇಕು? ಮೊದಲೇ ಉಬ್ಬಸದ ಜೀವ, ಒಂಟಿ ಕೋಣೆಯಲ್ಲಿ ಇನ್ನಷ್ಟು ಕುಸಿಯಿತು. ಪೂರಾ ಹದಗೆಟ್ಟ ಮೇಲೆ, 1977ರ ಜನವರಿ 15ರಂದು ಪೆರೋಲ್ ಕೊಟ್ಟರು. ಐದೇ ದಿನಕ್ಕೆ ತೀರಿಕೊಂಡರು.

2000ದಲ್ಲಿ ಖೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು. ಊರ ನಡುವಿನ ಖಾಲಿ ಜಾಗ, ಕಣ್ಣು ಬೀಳದೆ ಇದ್ದೀತೆ? ಪುಣ್ಯಕ್ಕೆ ಎಲ್ಲ ಕೆಡವಲಿಲ್ಲ. ಸ್ಪರ್ಧೆ ಗೆದ್ದ ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು ಗೋಪುರ, ಕೆಲವು ಬ್ಯಾರಕ್ಕು, ಹಳೇ ಗೋಡೆಗಳನ್ನು ಉಳಿಸಿಕೊಂಡೇ ಪಾರ್ಕ್ ರೂಪಿಸಿದರು. 2008ರಲ್ಲಿ ಬಾಗಿಲು ತೆರೆಯಿತು, ಒಂದು ಭಾಗ ಧರಣಿಗೆ ಮೀಸಲು. 2021ರ ಪೊಲೀಸ್ ಆದೇಶದ ಮೇಲೆ ನಗರದ ಪ್ರತಿಭಟನೆಗಳೆಲ್ಲ ಈ ಆವರಣಕ್ಕೇ ಬಂದು ನಿಂತವು, ಅದೂ ಅನುಮತಿ ಪಡೆದು. ಕೂಗಲು ಅಡ್ಡಿಯಿಲ್ಲ, ಗೋಡೆಯೊಳಗೆ ಕೂಗಿ ಅಂದಹಾಗಾಯಿತು!

ಹಳೇ ಜೈಲು ಜಾಗದ ಇನ್ನೊಂದು ತುಂಡಿನಲ್ಲಿ 2024ರಲ್ಲಿ ಬಹುಮಹಡಿ ವಾಹನ ನಿಲ್ದಾಣ ಶುರುವಾಗಿದೆ. ಗಾಂಧಿನಗರಕ್ಕೆ ವ್ಯಾಪಾರಕ್ಕೆ ಬರುವವರು ಗಾಡಿ ನಿಲ್ಲಿಸಿ, ಹತ್ತು ನಿಮಿಷ ಗೋಪುರದ ತನಕ ಹೋಗಿ ಬರಬಹುದು.