ಅಟ್ಟದ ಮೇಲಿನ ಕೊಡಕ್ಕೂ ಒಂದು ಅಚ್ಚು

ಮೊಳಕಾಲ್ಮೂರು ಎಂದರೆ ನಮಗೆಲ್ಲ ಥಟ್ಟನೆ ನೆನಪಾಗೋದು ರೇಷ್ಮೆ ಸೀರೆ. ಪಕ್ಕದ ಚಳ್ಳಕೆರೆ ಎಂದರೆ ಕಡಲೆಕಾಯಿ ಎಣ್ಣೆ, ಕುರಿ ಕಂಬಳಿ. ಸೀರೆಗೆಂದು ಆ ಕಡೆ ಹೋದರೆ ಮಕ್ಕಳಿಗೆ ಬ್ರಹ್ಮಗಿರಿಯನ್ನೂ ತೋರಿಸಿಕೊಂಡು ಬನ್ನಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಬಂಡೆಯ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು, ನಿಜ ಹೇಳಬೇಕು ಎಂಬುದು ಬ್ರಹ್ಮಗಿರಿಯ ಶಾಸನದಲ್ಲಿದೆ. ನಾವು ದಿನಾ ಹೇಳಿ ಹೇಳಿ ಸಾಕಾದ ಮಾತೇ!

ಬಂಡೆಯನ್ನು ಹೊತ್ತು ತರುವಂತಿಲ್ಲವಲ್ಲ. ಅದಕ್ಕೇ ಶಾಸನ ತಜ್ಞರು ‘ಪಡಿಯಚ್ಚು’ ತೆಗೆಯುತ್ತಾರೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಗಡಸು ಬ್ರಷ್‌ನಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಯೊಳಗೆ ಇಳಿಸುತ್ತಾರೆ. ಕೊಂಚ ಆರಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾರೆ. ಕಾಗದವೆಲ್ಲ ಕಪ್ಪಾಗಿ, ತಗ್ಗಿನ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮುಂದೆ ಕಲ್ಲು ಸವೆದರೂ ಅಕ್ಷರ ಕಾಗದದಲ್ಲಿ ಭದ್ರ.

ಅಚ್ಚಿನ ಕಲೆ ಕಲಿಯುವ ಮಕ್ಕಳಿಗೆ ಇಷ್ಟು ಗೊತ್ತಿರಲಿ

ಉಬ್ಬು ಅಚ್ಚು: ಕತ್ತರಿಸಿದ ಬೆಂಡೆಕಾಯಿ, ಆಲೂಗಡ್ಡೆಯಿಂದ ಒತ್ತುವುದು. ಮರದ ಅಚ್ಚು, ಲಿನೋ ಇದೇ ಜಾತಿ. ಉಬ್ಬಿದ ಭಾಗಕ್ಕೆ ಮಾತ್ರ ಬಣ್ಣ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಪಡಿಯಚ್ಚಿನಲ್ಲಿ ಮಸಿ ಕಾಗದದ ಮೇಲ್ಬದಿಗೇ ಬೀಳುವುದರಿಂದ ಆ ತೊಂದರೆ ಇಲ್ಲ.

ಕೊರೆದ ಅಚ್ಚು: ತಾಮ್ರದ ತಗಡಿನ ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಯಂತ್ರದಲ್ಲಿ ಒತ್ತುವುದು. ಇದು ಮನೆಯಲ್ಲಿ ಆಗುವಂಥದ್ದಲ್ಲ.

ಜಾಲರಿ ಅಚ್ಚು: ನಮ್ಮ ರಂಗೋಲಿ ಜರಡಿಯದೇ ಉಪಾಯ. ತೂತಿರುವಲ್ಲಿ ಮಾತ್ರ ಬಣ್ಣ ಇಳಿಯುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಅಂದರೆ ಇದೇ.

ಮನೆಯಲ್ಲಿ ಮಾಡಿ ನೋಡಿ

ತೆಳು ಕಾಗದ, ಸೆಲ್ಲೋಟೇಪ್, ಮೆತ್ತನೆಯ 6ಬಿ ಪೆನ್ಸಿಲ್ ಇಷ್ಟಿದ್ದರೆ ಸಾಕು. ಅಟ್ಟದ ಮೇಲಿರುವ, ಹೆಸರು ಕೊರೆಸಿದ ಹಿತ್ತಾಳೆ ಕೊಡವನ್ನೋ ತಟ್ಟೆಯನ್ನೋ ಇಳಿಸಿ ಒರೆಸಿ. ಹೆಸರಿನ ಮೇಲೆ ಕಾಗದವನ್ನು ಅಲುಗದಂತೆ ಅಂಟಿಸಿ. ಪೆನ್ಸಿಲನ್ನು ಅಡ್ಡ ಮಲಗಿಸಿ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಹೆಸರು ಬೆಳ್ಳಗೆ ಮೂಡುತ್ತದೆ. ಒತ್ತಿ ಉಜ್ಜಿದರೆ ಕಾಗದ ಹರಿದೀತು, ಅವಸರ ಬೇಡ.

ಗಮನಿಸಿ

ಆಲೂಗಡ್ಡೆ ಕೊರೆಯುವಾಗ ಚಾಕು ನಿಮ್ಮ ಕೈಯಲ್ಲಿರಲಿ, ಬಣ್ಣ ಮಕ್ಕಳ ಕೈಯಲ್ಲಿರಲಿ. ಬ್ರಹ್ಮಗಿರಿಯ ಶಾಸನ ಸಂರಕ್ಷಿತ ಸ್ಮಾರಕ. ಅದರ ಮೇಲೆ ಸೀಮೆಸುಣ್ಣ, ಮಸಿ, ನೀರು ಏನೂ ಬೇಡ. ಫೋಟೊ ಸಾಕು. ನಿಮ್ಮೂರಿನ ವೀರಗಲ್ಲಿಗೂ ಇದೇ ಮಾತು.

ಕೊನೆಗೊಂದು ಮಾತು. ಅಜ್ಜಿಯ ಹೆಸರು ಹೊಲದ ಪತ್ರದಲ್ಲಿ ಇಲ್ಲದಿರಬಹುದು, ಮನೆಯ ಪತ್ರದಲ್ಲೂ ಇಲ್ಲದಿರಬಹುದು. ತವರಿನಿಂದ ಬಂದ ಕೊಡದ ಮೇಲೆ ಇದ್ದೀತು. ಆ ಕೊಡವನ್ನೇ ನಾವು ತೂಕಕ್ಕೆ ಹಾಕಿ ಹೊಸ ಸ್ಟೀಲ್ ಪಾತ್ರೆ ತರುತ್ತೇವೆ. ಹಾಕುವ ಮೊದಲು ಮಕ್ಕಳ ಕೈಯಿಂದ ಒಂದು ಅಚ್ಚು ತೆಗೆಸಿ. ಹಿಂಬದಿಯಲ್ಲಿ ಅದು ಯಾರ ಕೊಡ, ಯಾವ ಊರಿನಿಂದ ಬಂತು ಎಂದು ತಾರೀಖಿನ ಸಮೇತ ಬರೆಸಿಡಿ.