ಹಳೆಯ ಹಾಡು, ಹೊಸ ಕಂಠ

ಒಂದೇ ಹಾಡನ್ನು ಇಬ್ಬರು ಹಾಡಿದ್ದರೆ ಯಾರದು ಮೇಲೆಂಬ ಚರ್ಚೆಯು ಸಂಗೀತದಲ್ಲಿ ಆಸಕ್ತಿಯುಳ್ಳ ಮನೆಗಳಲ್ಲಿ ಆಗಾಗ ನಡೆಯತಕ್ಕದ್ದೇ ಆಗಿದೆ. ತಾವು ಪ್ರಾಯದಲ್ಲಿ ಕೇಳಿದ ಧ್ವನಿಮುದ್ರಿಕೆಯೇ ನಿಜವಾದುದು, ಮಿಕ್ಕುದೆಲ್ಲ ಅದರ ನೆರಳು ಎಂದು ಹಿರಿಯರು ವಾದಿಸುತ್ತಾರೆ. ಹೊಸದರಲ್ಲಿರುವ ತಾಳದ ಬಿಗಿಯೂ ಧ್ವನಿಯ ಸ್ಪಷ್ಟತೆಯೂ ಹಳೆಯದರಲ್ಲಿ ಎಲ್ಲಿವೆಯೆಂದು ಕಿರಿಯರು ಕೇಳುತ್ತಾರೆ. ಊಟದ ಹೊತ್ತಿಗೆ ಚರ್ಚೆ ಮುಗಿಯುತ್ತದೆ. ತೀರ್ಮಾನ ಮಾತ್ರ ಆಗುವುದಿಲ್ಲ. ಒಬ್ಬರು ಹಾಡಿದುದನ್ನೇ ಬೇರೊಬ್ಬರು ಮತ್ತೆ ಹಾಡಿ ಮುದ್ರಿಸುವುದಕ್ಕೆ ಇಂದಿನ ತರುಣರು ‘ಕವರ್’ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಮರುಗಾಯನವೆಂದು ಕರೆಯೋಣ. ಮರುಗಾಯನವನ್ನು ಮೆಚ್ಚುವುದು ತಪ್ಪೇ, ಮೆಚ್ಚುವುದಾದರೆ ಯಾವ ಅಳತೆಯಿಂದ ಮೆಚ್ಚಬೇಕು, ಎಂಬುದನ್ನು ಸ್ವಲ್ಪ ವಿಚಾರಮಾಡುವುದು ಅನುಚಿತವಾಗಲಾರದು.

ಈ ವಿಚಾರಕ್ಕೆ ಕೋಲಾರದ ಚಿನ್ನದ ಗಣಿಯ ಸೀಮೆಯು ಒಳ್ಳೆಯ ನಿದರ್ಶನವನ್ನು ಒದಗಿಸಿದೆ. ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ರೈಲು ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಕವಲೊಡೆದ ದಾರಿಯು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪದಲ್ಲಿ ಕೊನೆಗಾಣುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸವನ್ನು ಕೈಗೊಂಡ ಮೇಲೆ ಈ ಬರಡು ನೆಲದಲ್ಲಿ ಊರು ಬೆಳೆಯಿತು; 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ತಮಿಳುಸೀಮೆಯ ಕೂಲಿಗಾರರು, ತೆಲುಗರು, ಕಾರ್ನ್‌ವಾಲಿನಿಂದ ಬಂದ ಗಣಿಗಾರರು, ಆಂಗ್ಲೋ-ಇಂಡಿಯನರು, ಸುತ್ತಣ ಹಳ್ಳಿಗಳ ಕನ್ನಡಿಗರು, ಹೀಗೆ ಹಲವು ನುಡಿಯವರು ಒಂದೆಡೆ ಸೇರಿದರು. ಕಾರ್ಮಿಕರ ಲೈನುಮನೆಗಳು ಒಂದಕ್ಕೊಂದು ಅಂಟಿಕೊಂಡವು. ಅಲ್ಲಿ ಒಂದು ಮನೆಯ ಹಾಡು ನೆರೆಮನೆಯ ಕಿವಿಗೂ ಬೀಳುವುದು ಸಹಜವಾದುದು. ಹಾಡಿನ ನುಡಿ ತಿಳಿಯದಿದ್ದರೂ ಅದರ ಧಾಟಿ ತಿಳಿಯುತ್ತದೆ. ಇಂತಹ ಸೀಮೆಯ ಜನಕ್ಕೆ ಒಂದು ರಾಗವು ಎರಡು ಮೂರು ಕಂಠಗಳಲ್ಲಿ ಬಾಳುವುದೆಂಬುದು ಸೋಜಿಗದ ಸಂಗತಿಯೇನಲ್ಲ.

2018ರ ಡಿಸೆಂಬರ್ 21ರಂದು ಈ ಊರಿನ ಹೆಸರನ್ನೇ ಹೊತ್ತ ‘ಕೆ.ಜಿ.ಎಫ್.’ ಎಂಬ ಕನ್ನಡ ಚಲನಚಿತ್ರದ ಮೊದಲ ಭಾಗವು ತೆರೆಕಂಡಿತು. ಪ್ರಶಾಂತ್ ನೀಲ್ ಅವರು ನಿರ್ದೇಶಿಸಿದ, ರವಿ ಬಸ್ರೂರು ಅವರ ಸಂಗೀತವುಳ್ಳ ಆ ಚಿತ್ರದ ಬಹು ಭಾಗವನ್ನು ಇಲ್ಲಿನ ಸೈನೈಡ್ ದಿಬ್ಬಗಳ ಬಳಿಯಲ್ಲಿಯೇ ತೆಗೆದರು. ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣನ್ನು ತಲೆಮಾರುಗಳ ಕಾಲ ಸುರಿದು ಸುರಿದು ಎದ್ದ ಗುಡ್ಡಗಳವು. ಆ ಚಿತ್ರದಲ್ಲಿ ನಟಿ ತಮನ್ನಾ ಅವರು ಕುಣಿಯುವ ‘ಜೋಕೆ’ ಎಂಬ ಹಾಡೊಂದಿದೆ. ಅದು ಹೊಸದಲ್ಲ. 1970ರಲ್ಲಿ ಬಂದ, ರಾಜಕುಮಾರರು ನಾಯಕರಾಗಿದ್ದ ‘ಪರೋಪಕಾರಿ’ ಚಿತ್ರಕ್ಕಾಗಿ ಉಪೇಂದ್ರಕುಮಾರರು ಧಾಟಿ ಕಟ್ಟಿ, ಎಲ್. ಆರ್. ಈಶ್ವರಿಯವರು ಹಾಡಿದ ಗೀತೆಯದು. ನಾಲ್ವತ್ತೆಂಟು ವರ್ಷಗಳ ಅನಂತರ ಅದನ್ನೇ ಐರಾ ಉಡುಪಿಯವರು ಹೊಸ ವಾದ್ಯಮೇಳದೊಡನೆ ಹಾಡಿದರು.

ಮೂಲದ ಹಾಡಿನ ಕುಲಗೋತ್ರವನ್ನು ವಿಚಾರಿಸಿದರೆ ಅದೂ ಗಣಿಯ ಊರಿನಂತೆಯೇ ಹಲವು ಕಡೆಯವರು ಕೂಡಿದ್ದು. ಧಾಟಿ ಕಟ್ಟಿದವರು ಒಡಿಶಾದವರು, ಹಾಡಿದವರು ತಮಿಳರು, ಹಾಡು ಕನ್ನಡದ್ದು. ಈಶ್ವರಿಯವರ ಕಂಠವನ್ನು ಬಲ್ಲವರು ಕನ್ನಡಿಗರಷ್ಟೇ ಅಲ್ಲ. 1968ರ ‘ಪಣಮಾ ಪಾಸಮಾ’ ಎಂಬ ತಮಿಳು ಚಿತ್ರದ ಎಲಚಿಹಣ್ಣಿನ ಹಾಡಿನಿಂದ ಅವರ ಹೆಸರು ತಮಿಳರ ಮನೆಮನೆಗೂ ಹೋಗಿತ್ತು. ಆಡಿ ಮಾಸದಲ್ಲಿ ಅಮ್ಮನವರ ಗುಡಿಗಳ ಧ್ವನಿವರ್ಧಕಗಳಿಂದ ಕೇಳಿಬರುವ ಮಾರಿಯಮ್ಮನ ಸ್ತುತಿಗಳಲ್ಲಿಯೂ ಅವರ ಕಂಠವೇ ಪ್ರಸಿದ್ಧವಾದುದು. ಆದಕಾರಣ ತಮಿಳು ಮನೆಗಳೇ ಹೆಚ್ಚಾಗಿರುವ ಗಣಿಯ ಪೇಟೆಗಳಲ್ಲಿ ಹಳೆಯ ‘ಜೋಕೆ’ಯನ್ನು ಮೊದಲ ಬಾರಿ ಕೇಳುವವರಿಗೂ ಆ ಕಂಠವು ನೆಂಟರ ಕಂಠದಂತೆ ತೋರಿದರೆ ಆಶ್ಚರ್ಯವಿಲ್ಲ.

ಎರಡನ್ನೂ ಒಂದಾದಮೇಲೊಂದರಂತೆ ಕೇಳಿದಾಗ ನಮಗೆ ತೋರುವುದಿಷ್ಟು. ಹೊಸದರಲ್ಲಿ ತಾಳವಾದ್ಯಗಳ ಭಾರ ಹೆಚ್ಚು; ಕಂಠವು ಅವುಗಳ ನಡುವೆ ಒಂದಾಗಿ ಸೇರಿಕೊಂಡಿದೆ. ದೊಡ್ಡ ತೆರೆಯ ಮುಂದೆ, ಕಥೆಯ ಆ ಘಟ್ಟದಲ್ಲಿ, ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಹಳೆಯದರಲ್ಲಿ ಮೇಳವು ಹಿಂದೆ ಸರಿದು ಕಂಠಕ್ಕೆ ದಾರಿ ಬಿಟ್ಟಿದೆ. ಎಚ್ಚರಿಕೆಯ ಮಾತನ್ನೇ ಕರೆಯುವ ದನಿಯಲ್ಲಿ ಹೇಳುವ ಈಶ್ವರಿಯವರ ಜಾಣ್ಮೆಯು ಕಣ್ಣು ಮುಚ್ಚಿ ಕೇಳಿದರೂ ಕಾಣುತ್ತದೆ. ಮನೆಯಲ್ಲಿ ಕುಳಿತು ಕೇಳುವುದಕ್ಕೆ ನಾವು ಹಳೆಯದನ್ನೇ ಆರಿಸುವೆವು. ಇದು ನಮ್ಮ ಆಯ್ಕೆ. ಹೊಸದನ್ನು ಮೆಚ್ಚುವವರ ರುಚಿಯನ್ನು ಹೀಗಳೆಯುವ ಕಾರಣವಿಲ್ಲ.

ಈ ಚಿತ್ರದಲ್ಲಿಯೇ ಇನ್ನೊಂದು ಗಮನಿಸತಕ್ಕ ಸಂಗತಿಯಿದೆ. ಚಿತ್ರವು ಹಿಂದಿಗೆ ಹೋದಾಗ ‘ಜೋಕೆ’ಯ ಸ್ಥಳದಲ್ಲಿ ‘ಗಲಿ ಗಲಿ’ ಎಂಬ ಬೇರೊಂದು ಹಳೆಯ ಹಾಡಿನ ಮರುಗಾಯನವನ್ನು ಇಟ್ಟರು. ಅದು 1989ರ ‘ತ್ರಿದೇವ್’ ಚಿತ್ರದ್ದು. ಅದಕ್ಕೆ ಹೊಸ ರೂಪ ಕೊಟ್ಟವರು ತನಿಷ್ಕ್ ಬಾಗ್ಚಿ, ಹಾಡಿದವರು ನೇಹಾ ಕಕ್ಕರ್. ಚಿತ್ರದ ಕಥೆಯ ಮುಖ್ಯಭಾಗ ನಡೆಯುವುದು 1970ರ ದಶಕದ ಕೊನೆಯಲ್ಲಿ ಹಾಗೂ ಅದರ ಆಚೀಚೆಗೆ. ಅಂದರೆ ಕನ್ನಡದ ಹಾಡು ಆ ಕಾಲದಲ್ಲಿ ನಿಜವಾಗಿಯೂ ಜನರ ಬಾಯಲ್ಲಿದ್ದುದು; ಹಿಂದಿಯ ಹಾಡು ಆಗ ಹುಟ್ಟಿಯೇ ಇರಲಿಲ್ಲ. ಹೀಗಿದ್ದರೂ ಬದಲಾಯಿಸಿದುದೇಕೆ? ಉತ್ತರದೇಶದ ಪ್ರೇಕ್ಷಕನಿಗೆ ‘ಪರೋಪಕಾರಿ’ಯ ನೆನಪಿಲ್ಲ, ‘ತ್ರಿದೇವ್’ನ ನೆನಪಿದೆ. ಮರುಗಾಯನದ ಗುಟ್ಟು ಇಲ್ಲಿ ಬಯಲಾಗುತ್ತದೆ. ಅದು ಹೊಸ ಕಂಠದಿಂದ ಅರ್ಧ ನಡೆದರೆ, ಕೇಳುವವನ ಹಳೆಯ ನೆನಪಿನಿಂದ ಉಳಿದರ್ಧ ನಡೆಯುತ್ತದೆ. ನೆನಪಿದ್ದವನು ಎರಡು ಹಾಡುಗಳನ್ನು ಏಕಕಾಲಕ್ಕೆ ಕೇಳುತ್ತಾನೆ. ನೆನಪಿಲ್ಲದವನು ಒಂದನ್ನು ಮಾತ್ರ ಕೇಳುತ್ತಾನೆ. ಒಂದೇ ಮನೆಯ ತಂದೆಗೂ ಮಗಳಿಗೂ ಒಂದೇ ಹಾಡಿನ ಬಗ್ಗೆ ಭಿನ್ನಾಭಿಪ್ರಾಯ ಬರುವುದು ಇದರಿಂದಲೇ.

ಮೂಲವೇ ಪೂಜ್ಯ, ಮರುಗಾಯನವೆಲ್ಲ ಅಪಚಾರ ಎನ್ನುವವರು ನಮ್ಮ ಸಂಗೀತದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ದಾಸರ ಪದಗಳನ್ನು ದಾಸರ ಕಂಠದಲ್ಲಿ ಕೇಳಿದವರು ಇಂದು ಯಾರೂ ಇಲ್ಲ. ಪುರಂದರದಾಸರು ಹಾಡಿದ ಧಾಟಿಗಳಲ್ಲಿ ಬಹುಪಾಲು ನಮಗೆ ಉಳಿದುಬಂದಿಲ್ಲ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಎಂ. ಎಸ್. ಸುಬ್ಬುಲಕ್ಷ್ಮಿಯವರು ಕರ್ಣಾಟಕ ಪದ್ಧತಿಯಲ್ಲಿ ಹಾಡಿದರು. ಗದಗಿನ ಸೀಮೆಯ ಭೀಮಸೇನ ಜೋಶಿಯವರು ಹಿಂದೂಸ್ತಾನಿ ಪದ್ಧತಿಯಲ್ಲಿ ಹಾಡಿದರು. ಶುಕ್ರವಾರದ ಪೂಜೆಗೆ ಕೆಲವು ಮನೆಗಳವರು ಒಂದನ್ನೂ ಕೆಲವರು ಇನ್ನೊಂದನ್ನೂ ಹಾಕುತ್ತಾರೆ. ಇವುಗಳಲ್ಲಿ ಮೂಲವಾವುದು, ನಕಲಾವುದು? ಎರಡೂ ಮರುಗಾಯನಗಳೇ. ಒಂದು ಹಾಡಿಗೆ ‘ಮೊದಲ ಧ್ವನಿಮುದ್ರಿಕೆ’ ಎಂಬುದೊಂದು ಇರಬೇಕೆಂಬ ಭಾವನೆಯೇ ಗ್ರಾಮಫೋನಿನಿಂದ ಹುಟ್ಟಿದುದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ತಟ್ಟೆಗೆ ಇಳಿಯುವುದಕ್ಕೆ ಮುಂಚೆ, ಹಾಡು ಹಾಡಿದ ಕ್ಷಣಕ್ಕೆ ಹುಟ್ಟಿ ಆ ಕ್ಷಣಕ್ಕೇ ಮುಗಿಯುತ್ತಿತ್ತು. ಮತ್ತೆ ಬೇಕೆಂದರೆ ಮತ್ತೆ ಹಾಡಬೇಕಾಗಿತ್ತು.

ಎಲ್ಲ ಧಾಟಿಗಳೂ ಸರಿಯೆಂದು ಬಿಟ್ಟರೆ ಸಾಗದ ಸಂದರ್ಭಗಳೂ ಉಂಟು. ಕುವೆಂಪು ಅವರ ಗೀತೆಯು 2004ರಲ್ಲಿ ನಮ್ಮ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೆಂದು ಕೆಲವರೂ, ಸಿ. ಅಶ್ವತ್ಥರ ಧಾಟಿಯಲ್ಲಿ ಹಾಡಬೇಕೆಂದು ಕೆಲವರೂ ಬಹುಕಾಲ ವಾದಿಸಿದರು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನೇ ನಿಗದಿಮಾಡಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಆಜ್ಞೆ ಹೊರಡಿಸಿತು. 2024ರಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಸಾವಿರ ಮಕ್ಕಳು ಒಟ್ಟಿಗೆ ಹಾಡಬೇಕಾದಲ್ಲಿ ಒಂದೇ ಧಾಟಿ ಬೇಕು; ಅದು ಶಿಸ್ತಿನ ಮಾತು. ಮನೆಯೊಳಗಣ ರುಚಿಗೆ ಅಂತಹ ಆಜ್ಞೆಯನ್ನು ಯಾರೂ ಹೊರಡಿಸಲಾರರು.

ಹಾಗಾದರೆ ಒಳ್ಳೆಯ ಮರುಗಾಯನವನ್ನು ಗುರುತಿಸುವುದು ಹೇಗೆ? ಬಂಗಾರಪೇಟೆಯವರೇ ಇದಕ್ಕೊಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಪಾನಿಪುರಿಯು ಉತ್ತರದೇಶದಿಂದ ಬಂದ ತಿಂಡಿ. ಅಲ್ಲಿ ಅದರ ಪಾನಿ ಹಸುರು ಬಣ್ಣದ್ದು. ಬಂಗಾರಪೇಟೆಯಲ್ಲಿ ಅದನ್ನು ತಿಳಿನೀರಿನಂತೆ ಮಾಡಿದರು. ನೋಡುವುದಕ್ಕೆ ಬರಿಯ ನೀರು, ನಾಲಗೆಗೆ ಮಾತ್ರ ಚುರುಕಾದ ಖಾರ. ಇಂದು ಬೆಂಗಳೂರಿನ ಬೀದಿಗಳಲ್ಲಿಯೂ ‘ಬಂಗಾರಪೇಟೆ ಚಾಟ್ಸ್’ ಎಂಬ ಹಲಗೆ ಕಾಣುತ್ತದೆ. ಪಡೆದುದನ್ನು ಪಡೆದಂತೆಯೇ ಹಿಂದಿರುಗಿಸದೆ ತಮ್ಮದೊಂದನ್ನು ಸೇರಿಸಿದುದರಿಂದ ಅವರಿಗೆ ಆ ಹೆಸರು ಬಂದಿತು. ಮರುಗಾಯನಕ್ಕೂ ಇದೇ ಮೊದಲ ಅಳತೆ: ಮೂಲದಲ್ಲಿ ಇಲ್ಲದ ಏನನ್ನಾದರೂ ಅದು ಕೊಡುತ್ತದೆಯೇ? ಎರಡನೆಯದು: ಮಾತುಗಳು ಕಿವಿಗೆ ತಿಳಿಯಾಗಿ ಬೀಳುತ್ತವೆಯೇ, ವಾದ್ಯಗಳ ಅಬ್ಬರದಲ್ಲಿ ಮುಳುಗುತ್ತವೆಯೇ? ಮೂರನೆಯದು: ಮೊದಲು ಮಾಡಿದವರ ಹೆಸರನ್ನು ಹೇಳುತ್ತದೆಯೇ?

ಮರುಗಾಯನವನ್ನು ಕುರಿತು ಕಾನೂನಿನಲ್ಲಿಯೂ ಕಟ್ಟುಪಾಡುಗಳಿವೆ. 1957ರ ಕೃತಿಸ್ವಾಮ್ಯದ ಅಧಿನಿಯಮದಲ್ಲಿ ಮರುಗಾಯನಕ್ಕೆ ಎಡೆಯಿದ್ದಿತು. ಅದನ್ನು ಹಿಡಿದು 1980ರ ದಶಕದಲ್ಲಿ ಟಿ-ಸೀರೀಸ್‌ನಂತಹ ಕಂಪೆನಿಗಳು ಹಳೆಯ ಹಿಂದಿ ಚಿತ್ರಗೀತೆಗಳನ್ನು ಹೊಸಬರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ಟುಗಳನ್ನು ಹಂಚಿದವು. ಬಡವರ ಮನೆಗೂ ಸಂಗೀತ ಹೋಯಿತು, ಹೊಸ ಗಾಯಕರಿಗೆ ದಾರಿಯೂ ಆಯಿತು. ಹಾಡು ಮೊದಲು ಯಾರದೆಂಬುದು ಮಾತ್ರ ಎಷ್ಟೋ ಮಂದಿಗೆ ಮರೆತುಹೋಯಿತು. 2012ರ ತಿದ್ದುಪಡಿಯು ಕಟ್ಟುಪಾಡನ್ನು ಬಿಗಿಗೊಳಿಸಿತು. ಕಾನೂನು ಕೊಡುವ ಅನುಮತಿಯ ಮೇಲೆ ಮರುಗಾಯನ ಮಾಡುವವರು ಮೊದಲ ಮುದ್ರಣದ ವರ್ಷ ಕಳೆದು 5 ವರ್ಷಗಳವರೆಗೆ ಕಾಯಬೇಕು. ಒಂದೊಂದು ಕೃತಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕೊಡಬೇಕು. ಇದು ಮರುಗಾಯನವೆಂದು ಹೊದಿಕೆಯ ಮೇಲೆ ನಮೂದಿಸಬೇಕು.

ಹೆಸರು ಉಳಿಯಬೇಕೆಂಬ ಈ ಮಾತು ಹಾಡಿಗಷ್ಟೇ ಸಲ್ಲುವುದಲ್ಲ. ಯೋಚಿಸಿದರೆ ‘ಕೆ.ಜಿ.ಎಫ್.’ ಚಿತ್ರವು ಆ ಊರಿನದೇ ಒಂದು ಮರುಗಾಯನ. ಅದರ ಕಥೆ ಕಲ್ಪಿತವಾದುದು; ಆದರೆ ಆ ಮೂರಕ್ಷರಗಳನ್ನು ದೇಶವೆಲ್ಲ ಕಲಿತದ್ದು ಅದರಿಂದಲೇ. 2024ರಲ್ಲಿ ಪಾ. ರಂಜಿತ್ ಅವರು ‘ತಂಗಲಾನ್’ ಎಂಬ ತಮಿಳು ಚಿತ್ರದಲ್ಲಿ ಅದೇ ನೆಲವನ್ನು ಕೂಲಿಗಾರರ ಕಡೆಯಿಂದ ತೋರಿಸಿದರು. ಅದು ಇನ್ನೊಂದು ಧಾಟಿ. ಇವುಗಳಿಗೆ ಮೂಲವಾದುದು ಯಾವುದು? ನೆಲದಡಿಯಲ್ಲಿ 3 ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದು, ಶಾಖದಲ್ಲಿಯೂ ಕಲ್ಲುಸಿಡಿತದ ಭಯದಲ್ಲಿಯೂ ದುಡಿದವರ ಬಾಳು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಆ ಮನೆಗಳವರು ಅನೇಕರು ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಚಿತ್ರವನ್ನು ಮೆಚ್ಚಿದವರು ಇದನ್ನೂ ತಿಳಿದರೆ ಮೆಚ್ಚುಗೆಗೆ ಕುಂದಿಲ್ಲ. ತಿಳಿಯದೆ ಹೋದರೆ ಒಂದು ಊರು ತನ್ನ ಹೆಸರಿನ ಹಿಂದೆಯೇ ಮರೆಯಾಗಿಬಿಡುತ್ತದೆ.

ಆದುದರಿಂದ ಗೃಹಸ್ಥರಿಗೆ ನಮ್ಮ ಸೂಚನೆ ಸರಳವಾದುದು. ಮಕ್ಕಳು ಹೊಸ ಹಾಡೊಂದನ್ನು ಮೆಚ್ಚಿ ತಂದಾಗ ಮೊಗ ತಿರುಗಿಸಬೇಡಿರಿ. ಅದನ್ನು ಪೂರ್ತಿಯಾಗಿ ಕೇಳಿರಿ. ಆಮೇಲೆ ಹಳೆಯದನ್ನು ಹುಡುಕಿ ಕೇಳಿಸಿರಿ. ಇಂದು ಕೈಯಲ್ಲಿರುವ ಮೊಬೈಲಿನಲ್ಲಿಯೇ ಎರಡೂ ದೊರೆಯುತ್ತವೆ. ಧಾಟಿ ಕಟ್ಟಿದವರಾರು, ಹಾಡಿದವರಾರು, ಯಾವ ವರ್ಷದ್ದು ಎಂಬುದನ್ನು ತಿಳಿಸಿರಿ. ಅನಂತರ ಮಗನು ಹೊಸದನ್ನೇ ಆರಿಸಿದರೆ ಆರಿಸಿಕೊಳ್ಳಲಿ; ಅದು ತಿಳಿದು ಮಾಡಿದ ಆಯ್ಕೆ. ತಂದೆಯು ಹೊಸದರಲ್ಲಿಯೂ ಒಂದು ಸೊಗಸನ್ನು ಕಂಡರೆ ಒಪ್ಪಿಕೊಳ್ಳಲಿ; ಅದರಿಂದ ಹಿರಿತನಕ್ಕೆ ಕೊರತೆಯಿಲ್ಲ. ಯಾವ ಕಂಠವನ್ನು ಮೆಚ್ಚಬೇಕೆಂಬುದು ಅವರವರ ಕಿವಿಗೆ ಬಿಟ್ಟದ್ದು. ಮೊದಲು ಹಾಡಿದವರನ್ನು ಮರೆಯದಿರುವುದು ಎಲ್ಲರಿಗೂ ಸೇರಿದ್ದು.