ಕ್ರೈಸ್ತರಿಗೆ ದೀಕ್ಷಾಸ್ನಾನ ಏಕೆ ಅಷ್ಟು ಮುಖ್ಯ?

(ನಂದಿನಿ ಲೇಔಟ್‌ನ ಓದುಗರ ಪ್ರಶ್ನೆ)

ದೀಕ್ಷಾಸ್ನಾನದ ಮೂಲಕವೇ ವ್ಯಕ್ತಿ ಕ್ರೈಸ್ತ ಸಭೆಯನ್ನು ಸೇರುವುದು. ಯೇಸುವೇ ಯೊರ್ದನ್ ಹೊಳೆಯಲ್ಲಿ ಯೋಹಾನನಿಂದ ದೀಕ್ಷಾಸ್ನಾನ ಮಾಡಿಸಿಕೊಂಡನೆಂದು ಸುವಾರ್ತೆಗಳು ಹೇಳುತ್ತವೆ. ಎಲ್ಲ ಜನಾಂಗದವರಿಗೂ ಅದನ್ನು ಕೊಡಬೇಕೆಂಬ ಅವನ ಆಜ್ಞೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಪಾಪ ತೊಳೆದುಹೋಗುವುದು ಇದರ ಒಂದು ಅರ್ಥ. ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇನ್ನೂ ಆಳಕ್ಕೆ ಹೋಗುತ್ತಾನೆ: ದೀಕ್ಷಾಸ್ನಾನವೆಂದರೆ ಕ್ರಿಸ್ತನೊಂದಿಗೆ ಸತ್ತು ಹೂಳಲ್ಪಟ್ಟು ಹೊಸ ಬದುಕಿಗೆ ಏಳುವುದು. ಇದರ ತಿರುಳೆಲ್ಲ ಈ ಮಾತಿನಲ್ಲೇ ಇದೆ.

ಕ್ರಮದಲ್ಲಿ ಭೇದವಿದೆ. ಕ್ಯಾಥೊಲಿಕ್ ಮತ್ತು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳು ಹಸುಗೂಸುಗಳಿಗೂ ದೀಕ್ಷೆ ಕೊಡುತ್ತವೆ. ಕ್ಯಾಥೊಲಿಕ್ ಗುರುಗಳು ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಮಗುವಿನ ತಲೆಯ ಮೇಲೆ ಮೂರು ಸಲ ನೀರು ಹೊಯ್ಯುತ್ತಾರೆ; ಆಮೇಲೆ ಬಿಳಿ ಬಟ್ಟೆ, ಹಚ್ಚಿದ ಮೇಣದಬತ್ತಿ. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟ್ ಸಭೆಗಳವರು ಸ್ವಂತ ನಂಬಿಕೆ ಹೇಳಬಲ್ಲ ವಯಸ್ಸಿನವರನ್ನು ಮಾತ್ರ ತೊಟ್ಟಿಯಲ್ಲೋ ಕೆರೆಯಲ್ಲೋ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಶಿಶುವಿನ ಪರವಾಗಿ ಹೆತ್ತವರು ನಂಬಿಕೆ ಹೇಳಬಹುದೇ ಎಂಬುದೇ ಎರಡು ಪಕ್ಷಗಳ ನಡುವಿನ ಹಳೆಯ ಚರ್ಚೆ.

ದೀಕ್ಷಾಸ್ನಾನ ಬರಿಯ ಶಾಸ್ತ್ರವಲ್ಲ ಎಂಬುದಕ್ಕೆ ಮಂಗಳೂರೇ ಸಾಕ್ಷಿ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ ಅಲ್ಲಿಗೆ ಬಂದದ್ದು 1834ರಲ್ಲಿ. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಯೇಸುವಿನ ಬಗ್ಗೆ ಓದಿದ್ದನ್ನು, ಮೆಚ್ಚಿ ಮಾತಾಡಿದ್ದನ್ನು ಸಮಾಜ ಸಹಿಸುತ್ತಿತ್ತು. ಆದರೆ ದೀಕ್ಷೆಯ ನೀರು ಬಿದ್ದರೆ ಜಾತಿಯೊಂದಿಗಿನ ನಂಟೇ ಕಡಿಯುತ್ತಿತ್ತು. ಹರ್ಮನ್ ಎಂಬ ಹೆಸರನ್ನೂ ಸೇರಿಸಿಕೊಂಡ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು.